ಕಳಚಿದ ಚಕ್ರ ಮತ್ತು ಪ್ರೊಫೆಸರ್ ವತ್ಸಲಾ ಅವರ ಅನುಮಾನ

ಬೆಂಗಳೂರಿನ ಪಶ್ಚಿಮ ಬಡಾವಣೆಗಳಲ್ಲಿ ಭೌತಶಾಸ್ತ್ರ ಬಲ್ಲವರು ಅನೇಕರಿದ್ದಾರೆ. ಮೋಟಾರು ಗಾಡಿಯ ಹೊಟ್ಟೆಯೊಳಗಿನ ಗುಟ್ಟು ಬಲ್ಲವರೂ ಕಡಿಮೆಯೇನಿಲ್ಲ. ಈ ಎರಡು ವಿದ್ಯೆಗಳನ್ನೂ ಒಂದೇ ಕಣ್ಣಿನಿಂದ ನೋಡಿದವರು, ನಮಗೆ ತಿಳಿದ ಮಟ್ಟಿಗೆ, ಈ ಮಾರ್ಚಿ ತಿಂಗಳ ಕೊನೆಗೆ ನಮ್ಮ ಮಹಿಳಾ ಕಾಲೇಜಿನ ಸೇವೆಯಿಂದ ನಿವೃತ್ತರಾಗುತ್ತಿರುವ ಪ್ರೊಫೆಸರ್ ವತ್ಸಲಾ ಅವರೊಬ್ಬರೇ. ಹಳೆಯ ಇಂಗ್ಲಿಷ್ ಸ್ಪೋರ್ಟ್ಸ್ ಕಾರುಗಳನ್ನು ಬಿಚ್ಚಿ ತೊಳೆದು, ಸವೆದದ್ದನ್ನು ಬದಲಿಸಿ, ಮೊದಲಿಗಿಂತ ಒಂದು ಕೈ ಮೇಲೆನಿಸುವಂತೆ ಮಾಡಿ ರಸ್ತೆಗಿಳಿಸುವ ಹವ್ಯಾಸವನ್ನು ಅರಮನೆಗಳವರದ್ದು, ಕಾಫಿ ಕಂಪನಿಯ ಸಾಹೇಬರದ್ದು ಎಂದು ನಂಬಿಕೊಂಡಿದ್ದ ನಮ್ಮ ಊರಿಗೆ, ರಾಜಾಜಿನಗರದ ಒಬ್ಬ ಉಪನ್ಯಾಸಕಿ ಒಂಬತ್ತು ಗಜದ ಸೀರೆಯುಟ್ಟ ತಾಯಿಯನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಆ ಹವ್ಯಾಸವನ್ನು ನಡೆಸಿ ತೋರಿಸಿದ್ದು ಸಣ್ಣ ಸಂಗತಿಯಲ್ಲ.

ಅವರ ಮೂವತ್ತು ವರ್ಷಗಳ ಬೋಧನೆಯ ಬಗ್ಗೆ ಈ ಅಭಿನಂದನ ಸಂಪುಟದಲ್ಲಿ ಬೇರೆಯವರು ಬರೆದಿದ್ದಾರೆ. ಪ್ರಯೋಗಶಾಲೆಯಲ್ಲಿ ಸರಿಯಾದ ಉತ್ತರ ತಂದ ಹುಡುಗಿಯರ ಪುಸ್ತಕವನ್ನೇ ಮೊದಲು ತಿರುವಿ ಹಾಕುತ್ತಿದ್ದರು, ತಪ್ಪು ಉತ್ತರ ತಂದವರನ್ನು ನಗುನಗುತ್ತ ಕಳಿಸುತ್ತಿದ್ದರು ಎಂಬುದು ಎಲ್ಲ ಶಿಷ್ಯೆಯರಿಗೂ ನೆನಪಿರುವ ಮಾತು. ಅಷ್ಟು ಚೊಕ್ಕಟವಾಗಿ ಬಂದ ಉತ್ತರದ ಹಿಂದೆ ಏನೋ ಇದೆ ಎಂಬುದು ಅವರ ಗುಮಾನಿ. ಆ ಸ್ವಭಾವ ತರಗತಿಯ ಹೊರಗೆ ಅವರನ್ನು ಎಲ್ಲಿಗೆ ಕರೆದೊಯ್ದಿತು ಎಂಬುದನ್ನು ಹೇಳುವುದಷ್ಟೇ ಈ ಲೇಖನದ ಉದ್ದೇಶ. ಇದನ್ನು ಬರೆಯಲು ಅವರ ಅನುಮತಿ ಕೇಳಿದಾಗ ಅವರು ಕೊಟ್ಟ ಉತ್ತರ ಇಷ್ಟು: "ಬರೀರಿ. ಆದ್ರೆ ನನ್ನನ್ನ ಒಳ್ಳೆಯವಳು ಮಾಡಬೇಡಿ."

ವತ್ಸಲಾ ಅವರ ತಮ್ಮ ಸೇತುರಾಮ ಅವರು ಒಂದು ಕಾರ್ಖಾನೆಯ ನಕ್ಷೆ ವಿಭಾಗದಲ್ಲಿದ್ದರು. ಅಕ್ಕನಿಗೂ ಮದುವೆಯಾಗಲಿಲ್ಲ, ತಮ್ಮನಿಗೂ ಆಗಲಿಲ್ಲ. ತಾಯಿ ಅನಂತಲಕ್ಷ್ಮಮ್ಮನವರೊಡನೆ ರಾಜಾಜಿನಗರ ಮೂರನೇ ಬ್ಲಾಕಿನ ಮನೆಯಲ್ಲಿ ಮೂವರ ಸಂಸಾರ. ಸ್ವದೇಶಕ್ಕೆ ಮರಳುತ್ತಿದ್ದ ಇಂಗ್ಲಿಷ್ ಅಧಿಕಾರಿಯೊಬ್ಬರಿಂದ ಸೇತುರಾಮ ಅವರು ೧೯೬೯ರಲ್ಲಿ ಒಂದು ಬಿಳಿಯ ಟ್ರಯಂಫ್ ಸ್ಪಿಟ್‌ಫೈರ್ ಕಾರನ್ನು ಕೊಂಡರು. ಇಬ್ಬರು ಕೂರುವ, ತಲೆಯ ಮೇಲೆ ಚಾವಣಿಯಿಲ್ಲದ ಗಾಡಿ. ಅದರ ಮೂತಿಯನ್ನು ಹಿಡಿದೆತ್ತಿದರೆ ಬಾನೆಟ್ಟೂ ಮಡ್ಗಾರ್ಡೂ ಒಟ್ಟಿಗೆ ಮುಂದಕ್ಕೆ ಬಾಗಿ, ಎಂಜಿನ್ನೂ ಮುಂದಿನ ಚಕ್ರಗಳೂ ಬರಿಮೈಯಲ್ಲಿ ಕಾಣುತ್ತಿದ್ದವು. ಭಾನುವಾರ ಬೆಳಿಗ್ಗೆ ಸೇತುರಾಮ ಅವರು ಟೈರಿನ ಮೇಲೆಯೇ ಕೂತು ಗಾಡಿಯನ್ನು ಆರೈಕೆ ಮಾಡುವುದು, ಅಕ್ಕ ಬಟ್ಟೆ ಹಿಡಿದು ಪಕ್ಕದಲ್ಲಿ ನಿಲ್ಲುವುದು ಆ ಮನೆಯ ಪದ್ಧತಿಯಾಯಿತು. ಬೀದಿಯವರಿಗೆ ಮಾತ್ರ ಮೊದಲ ದಿನದಿಂದಲೂ ಆ ಗಾಡಿಯ ಮೇಲೆ ಸಂಶಯ. ಸಂಬಳದಲ್ಲಿ ಬದುಕುವವನಿಗೆ ಇಂಥದ್ದು ಎಲ್ಲಿಂದ ಬಂತು? ಮದುವೆಯಾಗದ ಗಂಡಸು ಭಾನುವಾರ ಮೈಸೂರು ರಸ್ತೆಯಲ್ಲಿ ಯಾರನ್ನು ನೋಡಲು ಹೋಗುತ್ತಾನೆ?

೧೯೭೧ರ ಜನವರಿಯ ಒಂದು ಬೆಳಿಗ್ಗೆ ಸೇತುರಾಮ ಅವರು ಬಿಡದಿಯ ಕಡೆಯಿಂದ ಮರಳುತ್ತಿದ್ದಾಗ, ಕೆಂಗೇರಿಗೆ ಮುಂಚಿನ ತಿರುವಿನಲ್ಲಿ ಗಾಡಿ ರಸ್ತೆ ಬಿಟ್ಟು ಹುಣಸೆಮರಕ್ಕೆ ಬಡಿಯಿತು. ಆಸ್ಪತ್ರೆ ಮುಟ್ಟುವ ಮೊದಲೇ ಅವರು ತೀರಿಕೊಂಡರು. ಅತಿ ವೇಗ ಎಂದು ಪೊಲೀಸರು ಬರೆದುಕೊಂಡರು. ಕುಡಿದಿದ್ದ ಎಂದು ಬೀದಿ ಮಾತಾಡಿಕೊಂಡಿತು. ಅನಂತಲಕ್ಷ್ಮಮ್ಮನವರು ಒಂದೇ ಹೆಸರು ಹಿಡಿದರು.

"ಆ ಜಂಬಣ್ಣ ಕಣೇ. ಶುಕ್ರವಾರ ಅವನ ಷೆಡ್ಡಲ್ಲಿತ್ತು ಗಾಡಿ. ಭಾನುವಾರ ನನ್ನ ಮಗ ಹೋದ. ಇನ್ನೇನು ಬೇಕು?"

ಜಂಬಣ್ಣನವರು ಹೊಸಪೇಟೆಯ ಕಡೆಯವರು. ಕೆಂಗೇರಿಯಲ್ಲಿ ಮೈಸೂರು ರಸ್ತೆಯ ಮಗ್ಗುಲಿಗೇ ಅವರ ಮೋಟಾರು ಷೆಡ್ಡು. ಆ ಶುಕ್ರವಾರ ಎಡ ಮುಂಚಕ್ರದ ಬ್ರೇಕು ಹಿಡಿದುಕೊಂಡಿದ್ದಾಗ ಅದನ್ನು ಬಿಡಿಸಿಕೊಟ್ಟವರು ಅವರೇ. ಅಂದು ಊಟಕ್ಕೆ ಕುಳಿತಾಗ ಸೇತುರಾಮ ಅವರು ಆಡಿದ್ದ ಮಾತು ವತ್ಸಲಾ ಅವರ ಕಿವಿಯಲ್ಲಿ ಹಾಗೇ ಉಳಿದಿತ್ತು: "ಜಂಬಣ್ಣ ಸುತ್ತಿಗೆ ತಗೊಂಡು ಎರಡು ಬಾರಿಸಿದ ಅಕ್ಕ. ನನ್ನ ಎದೆ ಧಸಕ್ ಅಂತು."

ಕರ್ಮಾಂತರಗಳು ಮುಗಿದ ಮರುದಿನ ವತ್ಸಲಾ ಅವರು ಒಬ್ಬರೇ ಬಸ್ಸು ಹತ್ತಿ ಆ ತಿರುವಿಗೆ ಹೋದರು. ಟಾರು ರಸ್ತೆಯ ಮೇಲೆ ನೇಗಿಲು ಎಳೆದಂತೆ ಒಂದು ಗೆರೆ ಕೊರೆದಿತ್ತು. ಆ ಗೆರೆ ತಿರುವಿನಲ್ಲಿ ಹುಟ್ಟಿರಲಿಲ್ಲ. ತಿರುವಿಗೂ ಬಹಳ ಮುಂಚೆ, ರಸ್ತೆ ನೇರವಾಗಿದ್ದಲ್ಲೇ ಶುರುವಾಗಿತ್ತು. ಅಂದರೆ ಮರಕ್ಕೆ ಬಡಿದು ಚಕ್ರ ಮುರಿದದ್ದಲ್ಲ. ಚಕ್ರ ಮುರಿದು, ಗಾಡಿಯ ಮೂಲೆ ನೆಲ ಕೆರೆಯುತ್ತ ಹೋಗಿ ಮರಕ್ಕೆ ಬಡಿದಿತ್ತು. ಎಡ ಮುಂಚಕ್ರ ದೂರದ ರಾಗಿ ಹೊಲದಲ್ಲಿ ಬಿದ್ದಿತ್ತು. ಅದರ ನಟ್ಟುಗಳೆಲ್ಲ ಬಿಗಿಯಾಗಿಯೇ ಇದ್ದವು. ಚಕ್ರವನ್ನು ಹೊತ್ತು ಸ್ಟಿಯರಿಂಗಿನೊಡನೆ ತಿರುಗುವ ಉಕ್ಕಿನ ಕಂಬವೊಂದಿರುತ್ತದೆ. ಅದರ ಕೆಳತುದಿ ಕಂಚಿನ ಒಂದು ಗೂಡಿನೊಳಗೆ ತಿರುಪಿನಂತೆ ಕೂತಿರುತ್ತದೆ. ಕಂಬ ಮುರಿದಿದ್ದು ಅಲ್ಲಿ. ಕೆಸರು, ಜಿಡ್ಡು ಮೆತ್ತಿದ್ದ ಆ ತುಂಡನ್ನು ವತ್ಸಲಾ ಅವರು ತುಕ್ಕು ಹಿಡಿಯದಂತೆ ಎಣ್ಣೆಬಟ್ಟೆಯಲ್ಲಿ ಸುತ್ತಿ, ಕಾಲೇಜಿನ ಪ್ರಯೋಗಶಾಲೆಯ ಬೀರುವಿನಲ್ಲಿಟ್ಟು ಬೀಗ ಹಾಕಿದರು.

ಸುತ್ತಿಗೆಯ ಎರಡು ಏಟು ಮತ್ತು ಮುರಿದ ಉಕ್ಕು. ಇನ್ನು ಬೇಕಾದದ್ದು ಸಾಕ್ಷಿಯೊಂದೇ ಎಂದು ಅವರ ಮನಸ್ಸು ಹೇಳಿತು.

ಸೋದರಮಾವ ಲಕ್ಷ್ಮೀಪತಿಗಳು ಗಾಡಿಯನ್ನು ಗುಜರಿಗೆ ಹಾಕಿಸಲು ಲಾರಿಯನ್ನೇ ಕರೆತಂದರು. "ಅಪಶಕುನ ಕಣಮ್ಮಾ, ಮನೆ ಮುಂದೆ ಇಟ್ಕೋಬಾರ್ದು." ವತ್ಸಲಾ ಅವರು ಅದೇ ಲಾರಿಯಲ್ಲಿ ಗಾಡಿಯನ್ನು ಹೇರಿಸಿ ಕೆಂಗೇರಿಗೆ, ಜಂಬಣ್ಣನವರ ಷೆಡ್ಡಿಗೇ ಸಾಗಿಸಿದರು. ಅನುಮಾನ ಇರುವ ಕಡೆಯೇ ಕಣ್ಣಿಡಬೇಕು ಎಂಬುದು ಅವರ ಲೆಕ್ಕ. ಇದನ್ನು ಮತ್ತೆ ಓಡುವ ಹಾಗೆ ಮಾಡಬೇಕು, ಕೆಲಸ ನಾನೂ ಕಲಿಯಬೇಕು ಎಂದು ಕೇಳಿದರು.

ಜಂಬಣ್ಣನವರು ಗಾಡಿಯನ್ನೇ ನೋಡುತ್ತ ನಿಂತರು. "ಬ್ಯಾಡ್ರೀ ಅಮ್ಮಾರೆ. ಇದನ್ನ ನಾ ಮುಟ್ಟೂದಿಲ್ಲ."

"ಯಾಕೆ ಮುಟ್ಟಲ್ಲ?"

"ಮುಟ್ಟೂದಿಲ್ಲ ಅಂದ್ರ ಮುಟ್ಟೂದಿಲ್ರೀ."

"ಹಾಗಾದ್ರೆ ನಾನೇ ಮುಟ್ತೀನಿ. ನೀವು ಸ್ಪ್ಯಾನರ್ ಕೊಡಿ, ಸಾಕು."

ಒಳಗಿನಿಂದ ಇಣುಕಿದ ಅವರ ಹೆಂಡತಿ ನೀಲಮ್ಮನವರು ತಗ್ಗಿದ ದನಿಯಲ್ಲಿ ಹೇಳಿದ್ದು ವತ್ಸಲಾ ಅವರಿಗೆ ಸ್ಪಷ್ಟವಾಗಿಯೇ ಕೇಳಿತು: "ಈಯಮ್ಮ ಪೊಲೀಸ್ರ ಕಡಿಯಾಕಿ ಅದಾಳ. ಬಾಯಿ ಬಿಡಬ್ಯಾಡ್ರಿ ನೀವು."

ಹೀಗೆ ಎರಡೂ ಕಡೆ ಅಪನಂಬಿಕೆಯನ್ನೇ ಬಂಡವಾಳವಾಗಿಟ್ಟುಕೊಂಡು ಒಂದು ಗುರುಶಿಷ್ಯ ಸಂಬಂಧ ಆರಂಭವಾಯಿತು. ಎರಡು ವರ್ಷ ಭಾನುವಾರಗಳಂದು ವತ್ಸಲಾ ಅವರು ರಾಜಾಜಿನಗರದಿಂದ ಮಾರ್ಕೆಟ್ಟಿಗೂ, ಅಲ್ಲಿಂದ ಕೆಂಗೇರಿಗೂ ಬಸ್ಸು ಬದಲಿಸಿ ಹೋದರು. ಕಾರ್ಬುರೇಟರಿನ ಸೂಜಿ ಎಷ್ಟು ಇಳಿದರೆ ಎಂಜಿನ್ನು ಹೇಗೆ ಉಸಿರಾಡುತ್ತದೆ, ಸೊಟ್ಟಗಾದ ಚಾಸಿಯನ್ನು ದಾರ ಹಿಡಿದು ಅಳೆಯುವುದು ಹೇಗೆ, ಮದರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿನ ಯಾವ ಯಾವ ಸಾಮಾನು ಈ ಇಂಗ್ಲಿಷ್ ಗಾಡಿಗೆ ಅಣ್ಣತಮ್ಮಂದಿರ ಅಂಗಿಯಂತೆ ಸರಿಹೋಗುತ್ತದೆ ಎಂಬುದನ್ನೆಲ್ಲ ಕಲಿತರು. ಕಲಿಯುತ್ತಲೇ ಜಂಬಣ್ಣನವರ ಕೈಯ ಮೇಲೆ ಕಣ್ಣಿಟ್ಟಿದ್ದರು. ಕೆಲವು ವಾರಗಳಾದ ಮೇಲೆ ಮನಸೋತು ಗಾಡಿಗೆ ಕೈಹಾಕಿದ ಜಂಬಣ್ಣನವರು ಹಿಂದಿನ ಆಕ್ಸಲ್ಲು ಬಿಚ್ಚಿದರು, ಗೇರುಪೆಟ್ಟಿಗೆ ಇಳಿಸಿದರು, ರೇಡಿಯೇಟರು ಬೆಸೆದರು; ಮುಂಚಕ್ರಗಳ ಹತ್ತಿರ ಮಾತ್ರ ಸುಳಿಯಲಿಲ್ಲ. ಆ ಮೂಲೆಯ ಮಾತೆತ್ತಿದರೆ ಬೀಡಿ ಹಚ್ಚಿಕೊಂಡು ಹೊರಗೆ ಹೋಗುತ್ತಿದ್ದರು. ಒಮ್ಮೆ ವತ್ಸಲಾ ಅವರು ಬೇಕೆಂದೇ ಸುತ್ತಿಗೆಯನ್ನು ಅವರ ಮುಂದಿಟ್ಟು ನೋಡಿದರು. ಅವರು ಅದನ್ನೆತ್ತಿ ಹಲಗೆಯ ಮೇಲಿಟ್ಟು ಕೈ ಒರೆಸಿಕೊಂಡರು. ತಪ್ಪಿತಸ್ಥನ ಕೈ ಎಂದು ವತ್ಸಲಾ ಅವರು ಆ ದಿನ ತೀರ್ಮಾನಿಸಿದರು.

ಎಲ್ಲವನ್ನೂ ಬಿಚ್ಚಿ ನೋಡುವ ಆ ಕೈಗಳು ಬೀರುವಿನೊಳಗಿನ ಪೊಟ್ಟಣವನ್ನು ಮಾತ್ರ ಬಿಚ್ಚಲಿಲ್ಲ. ಬೀಗದ ಕೈ ಹಿಡಿದು ಬೀರುವಿನ ಮುಂದೆ ನಿಂತು ಹಿಂದಿರುಗಿದ ದಿನಗಳಿದ್ದವಂತೆ. ಅದರಲ್ಲಿ ಸುತ್ತಿಗೆಯ ಗುರುತು ಕಾಣದಿದ್ದರೆ ಯಾರ ಮೇಲೆ ಸಿಟ್ಟಿಟ್ಟುಕೊಂಡು ಬದುಕಬೇಕು ಎಂಬ ಹೆದರಿಕೆ ತಮಗಿತ್ತೆಂದು ಅವರು ಮುಂದೆ ಹೇಳಿದ್ದುಂಟು.

ಕಾಲೇಜಿನಲ್ಲೂ ಮಾತು ಹಬ್ಬಿತು. ವಿಜ್ಞಾನದ ಉಪನ್ಯಾಸಕಿಯೊಬ್ಬರು ರಜಾದಿನಗಳಲ್ಲಿ ಊರಾಚೆಯ ಷೆಡ್ಡಿಗೆ ಹೋಗುತ್ತಾರೆ, ಯಾಕೆಂದು ವಿಚಾರಿಸಿ ಎಂದು ಆಡಳಿತ ಮಂಡಳಿಯವರು ಪ್ರಿನ್ಸಿಪಾಲರಾದ ಗಿರಿಜಾದೇವಿಯವರಿಗೆ ಸೂಚಿಸಿದರು. ದಾವಣಗೆರೆಯ ದೊಡ್ಡ ಮನೆತನದಿಂದ ಬಂದ ಗಿರಿಜಾದೇವಿಯವರು ನೇರ ಮಾತಿನವರು.

"ವತ್ಸಲಾ, ನಿಮ್ಮ ಸೀರೆ ಅಂಚಿಗೆ ಏನದು ಕರ್ರಗೆ?"

"ಗೇರ್ ಆಯಿಲ್, ಮೇಡಂ."

"ಅಷ್ಟೇನಾ?"

"ಅಷ್ಟೇ."

"ಜನ ಬೇರೆ ಏನೋ ಹೇಳ್ತಾರೆ."

"ಜನ ಷೆಡ್ಡಿಗೆ ಬಂದು ನೋಡ್ಲಿ ಮೇಡಂ. ಕೈಗೊಂದು ಸ್ಪ್ಯಾನರ್ ಕೊಡ್ತೀನಿ."

ಗಿರಿಜಾದೇವಿಯವರು ಮುಂದಿನ ಭಾನುವಾರ ನಿಜವಾಗಿಯೂ ಹೋದರು. ಇಳಿಹೊತ್ತಿನವರೆಗೆ ಮಣೆಯ ಮೇಲೆ ಕುಳಿತು ನೋಡಿ, ನೀಲಮ್ಮನವರ ಕೈಯ ಚಹಾ ಕುಡಿದು ಬಂದು, ಮಂಡಳಿಗೆ ಒಂದೇ ವಾಕ್ಯದ ಉತ್ತರ ಕೊಟ್ಟರು: ಅಲ್ಲಿ ನಡೆಯುತ್ತಿರುವುದು ಪ್ರಾಯೋಗಿಕ ತರಗತಿ. ಷೆಡ್ಡಿನಿಂದ ಹೊರಡುವಾಗ ಮಾತ್ರ ವತ್ಸಲಾ ಅವರ ಕಿವಿಯಲ್ಲಿ ಹೇಳಿದರಂತೆ: "ಆ ಮನುಷ್ಯ ನಿಮಗೆ ಹೆದರ್ತಾನೆ. ಯಾಕೆ ಅಂತ ವಿಚಾರ ಮಾಡಿ." ಈ ಮಾತು ವತ್ಸಲಾ ಅವರ ಗುಮಾನಿಗೆ ತುಪ್ಪ ಸುರಿದಂತಾಯಿತು.

೧೯೭೩ರ ಬೇಸಿಗೆ ರಜೆಯಲ್ಲಿ, ಹೇಳದೆ ಕೇಳದೆ, ವಾರದ ನಡುವಿನ ಒಂದು ಬೆಳಿಗ್ಗೆ ಅವರು ಕೆಂಗೇರಿಗೆ ಹೋದರು. ಸ್ಪಿಟ್‌ಫೈರಿನ ಮೂತಿ ಎತ್ತಿತ್ತು. ಬಲಗಡೆಯ ಮುಂಚಕ್ರ ಕಳಚಿತ್ತು. ಜಂಬಣ್ಣನವರು ನೆಲದ ಮೇಲೆ ಕುಳಿತು ಕೈಯಲ್ಲೇನನ್ನೋ ಹಿಡಿದು ನೋಡುತ್ತಿದ್ದವರು ಹೆಜ್ಜೆಯ ಸದ್ದಿಗೆ ಬೆಚ್ಚಿ ಅದನ್ನು ಗೋಣಿಚೀಲದ ಕೆಳಗೆ ತಳ್ಳಿದರು.

"ಏನು ಮುಚ್ಚಿಟ್ರಿ?"

"ಏನಿಲ್ರೀ."

"ತೆಗೀರಿ ಆಚೆ. ಎರಡು ವರ್ಷದಿಂದ ಕಾಯ್ತಾ ಇದೀನಿ ನಾನು."

ಜಂಬಣ್ಣನವರು ಗೋಣಿಚೀಲ ಸರಿಸಿದರು. ಬಲಗಡೆಯ ಚಕ್ರದ ಕಂಬ, ಕಂಚಿನ ಗೂಡಿನ ಸಮೇತ.

"ನಾನ ಕೊಂದೀನಿ ಅಂತ ನಿಮಗ ಅನುಮಾನ ಐತಿ ಅಂತ ಮೊದಲ ದಿನಾನ ಗೊತ್ತಾತ್ರೀ ನನಗ. ನನಗೂ ಅದ ಅನುಮಾನರೀ ಅಮ್ಮಾರೆ. ಅವತ್ತ ಬ್ರೇಕ್ ಬಿಡಸೂ ಮುಂದ ಎರಡು ಏಟು ಹಾಕೀನಿ. ಆ ಏಟಿಗೇ ಅದು ಸೀಳಿತೇನೋ ಅಂತ, ಆ ಕಡೀದು ಹೆಂಗಿತ್ತು ಅನ್ನೂದನ್ನ ಈ ಕಡೀದು ನೋಡಿ ತಿಳಕೊಳ್ಳೋಣಂತ ಬಿಚ್ಚಿದೆ. ನೀವಿದ್ದಾಗ ಬಿಚ್ಚಾಕ ಧೈರ್ಯ ಬರಲಿಲ್ಲ."

ವತ್ಸಲಾ ಅವರು ಕೂಡಲೇ ರಸ್ತೆಗೆ ನಡೆದರು. ಬಂದ ಬಸ್ಸಿನಲ್ಲೇ ಹಿಂದಿರುಗಿದರು. ಕಾಲೇಜಿಗೆ ಹೋಗಿ ಬೀರು ತೆಗೆದು, ಪೊಟ್ಟಣವನ್ನು ಕೈಚೀಲದಲ್ಲಿ ಹಾಕಿಕೊಂಡು ಮಧ್ಯಾಹ್ನಕ್ಕೆ ಮತ್ತೆ ಕೆಂಗೇರಿಯಲ್ಲಿದ್ದರು. ಷೆಡ್ಡಿನ ಬಾಗಿಲ ಬೆಳಕಿನಲ್ಲಿ ಎಣ್ಣೆಬಟ್ಟೆಯ ಸುತ್ತು ಬಿಚ್ಚಿ, ಸೀಮೆಎಣ್ಣೆಯಲ್ಲಿ ತುಂಡನ್ನು ತೊಳೆದರು. ಜಂಬಣ್ಣನವರು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತರು. ನೀಲಮ್ಮನವರು ಬಾಗಿಲಿಗೊರಗಿ ನಿಂತರು.

ಮುರಿದ ಮುಖದಲ್ಲಿ ಎರಡು ಬಣ್ಣಗಳಿದ್ದವು. ದೊಡ್ಡ ಭಾಗ ಹಳೆಯ ತುಕ್ಕಿನ ಕಂದುಗಪ್ಪು. ಒಂದು ಅಂಚಿನಲ್ಲಿ ಮಾತ್ರ, ಉಗುರಿನಷ್ಟು ಅಗಲಕ್ಕೆ, ಉಕ್ಕು ಹೊಸದಾಗಿ ಹೊಳೆಯುತ್ತಿತ್ತು. ಹೊಳೆಯುವುದು ಆ ಭಾನುವಾರ ಮುರಿದದ್ದು. ಕಪ್ಪಾದದ್ದು ತಿಂಗಳುಗಟ್ಟಲೆ ಮುಂಚೆಯೇ ಬಿರುಕು ಬಿಟ್ಟು, ನೀರು ಕುಡಿದು, ದಿನದಿನವೂ ಒಳಗೊಳಗೇ ಬೆಳೆದದ್ದು.

"ಇದು ಶುಕ್ರವಾರದ್ದಲ್ಲ," ಎಂದರು ವತ್ಸಲಾ. ಮತ್ತೆ ನೋಡಿದರು. ಆ ಉತ್ತರವನ್ನೂ ಅವರು ಸುಲಭವಾಗಿ ನಂಬಲಿಲ್ಲ. "ನಿಮ್ಮ ಏಟು ಬೀಳದಿದ್ರೂ ಇದು ಹೋಗ್ತಿತ್ತು. ಆ ವಾರ ಅಲ್ಲದಿದ್ರೆ ಮುಂದಿನ ವಾರ."

ಜಂಬಣ್ಣನವರು ತಲೆಯ ಮೇಲೆ ಕೈಹೊತ್ತು ಅತ್ತರು. ಅಳು ನಿಂತ ಮೇಲೆ ಇಬ್ಬರೂ ಬಲಗಡೆಯ ಗೂಡನ್ನು ಬಿಚ್ಚಿದರು. ಮೇಲ್ಭಾಗದಲ್ಲಿ ಗ್ರೀಸು ಹಳೆಯ ಸಾಬೂನಿನಂತೆ ಗಟ್ಟಿಯಾಗಿ ಕೂತಿತ್ತು. ಕೆಳಗೆ, ಉಕ್ಕು ಕಂಚಿನೊಳಗೆ ತಿರುಗುವ ಜಾಗದಲ್ಲಿ, ಒಂದು ಹನಿ ಜಿಡ್ಡೂ ಇರಲಿಲ್ಲ. ಗ್ರೀಸು ಆ ಸಣ್ಣ ಸಂದಿಯಲ್ಲಿ ಇಳಿದೇ ಇರಲಿಲ್ಲ. ಒಣಗಿದ ಗೂಡು ಕಂಬವನ್ನು ಹಿಡಿದುಕೊಂಡಿತ್ತು. ಸ್ಟಿಯರಿಂಗ್ ತಿರುವಿದಾಗಲೆಲ್ಲ ಉಕ್ಕು ತಿರುಗಲಾರದೆ ಬಾಗಿತ್ತು. ಗೂಡನ್ನು ತೊಳೆದು ಗೇರ್ ಆಯಿಲ್ ಬಿಟ್ಟು ನೋಡಿದರು. ತುಸು ಹೊತ್ತಿಗೆ ಎಣ್ಣೆ ತಳದವರೆಗೂ ಇಳಿದು ಕಂಬ ಬೆರಳಿನಲ್ಲಿ ತಿರುಗಿತು.

"ಇಲ್ಲಿ ಗ್ರೀಸ್ ಹಾಕ್ತಿದ್ದೋರು ಯಾರು?" ಎಂದು ವತ್ಸಲಾ ಅವರು ಕೇಳಿದರು. ಕೇಳುವಾಗಲೇ ಉತ್ತರ ತಮಗೆ ಗೊತ್ತಾಗಿತ್ತೆಂದು ಅವರು ಹೇಳುತ್ತಾರೆ.

ಜಂಬಣ್ಣನವರು ಗೂಡನ್ನು ಕೆಳಗಿಟ್ಟರು. "ಸಾಹೇಬ್ರು ಆ ಕೆಲಸ ನನ್ನ ಕೈಗೆ ಕೊಡ್ತಿರಲಿಲ್ರೀ. ತಾವ ಮಾಡ್ಕೊಂತಿದ್ರು. ಆದ್ರ ನನಗ ಕೊಟ್ಟಿದ್ರೂ ನಾನೂ ಗ್ರೀಸ ಹಾಕ್ತಿದ್ದೆ. ನನಗೂ ಗೊತ್ತಿರಲಿಲ್ಲ."

ಟೈರಿನ ಮೇಲೆ ಕುಳಿತು ಗ್ರೀಸ್ ಗನ್ ಒತ್ತುತ್ತಿದ್ದ ತಮ್ಮ. ಪಕ್ಕದಲ್ಲಿ ಬಟ್ಟೆ ಹಿಡಿದು ನಿಂತ ಅಕ್ಕ. ಎಲ್ಲರನ್ನೂ ಸಂಶಯಿಸಿದ ವತ್ಸಲಾ ಅವರು ಆ ಭಾನುವಾರಗಳನ್ನು ಒಂದು ಸಲವೂ ಸಂಶಯಿಸಿರಲಿಲ್ಲ. ಅಷ್ಟು ಪ್ರೀತಿಯಿಂದ ಮಾಡಿದ ಆರೈಕೆಯೇ ಗಾಡಿಯನ್ನು ತಿಂದಿತ್ತು. ನೀಲಮ್ಮನವರು ಒಂದು ಲೋಟ ನೀರು ತಂದು ಅವರ ಕೈಗಿಟ್ಟರು. ಎರಡು ವರ್ಷಗಳಲ್ಲಿ ಆ ಮನೆಯಿಂದ ಅವರು ಅನುಮಾನವಿಲ್ಲದೆ ತೆಗೆದುಕೊಂಡ ಮೊದಲ ನೀರು ಅದು.

ಬೇರೆಯವರಾಗಿದ್ದರೆ ಅಲ್ಲಿಗೆ ಮುಗಿಸುತ್ತಿದ್ದರೇನೋ. ವತ್ಸಲಾ ಅವರು ನೀರು ಕುಡಿದು, ಷೆಡ್ಡಿನ ಮುಂದೆ ಸರದಿಗೆ ನಿಂತಿದ್ದ ಒಂದು ಹೆರಾಲ್ಡ್ ಕಾರನ್ನು ನೋಡಿದರು. ಅದರ ಮುಂಗಾಲೂ ಇದೇ ಅಲ್ಲವೇ?

"ಜಂಬಣ್ಣ, ಇದಕ್ಕೆ ಏನು ಹಾಕ್ತೀರಿ?"

"ಗ್ರೀಸ್ ರೀ," ಎಂದರು ಜಂಬಣ್ಣನವರು, ಮತ್ತು ಎದ್ದು ನಿಂತರು.

ಆ ಹೆರಾಲ್ಡು ವಿಜಯನಗರದ ಡಾಕ್ಟರ್ ಬಸವಲಿಂಗಪ್ಪನವರದ್ದು. ಹಾರನ್ನು ಸರಿಮಾಡಲು ಬಿಟ್ಟುಹೋಗಿದ್ದರು. ಅವರು ಬರುವ ಹೊತ್ತಿಗೆ ಮುಂಚಕ್ರಗಳೆರಡೂ ನೆಲದ ಮೇಲಿದ್ದವು.

"ಏನ್ರೀ ಇದು? ಹಾರನ್ ನೋಡು ಅಂದ್ರೆ ಗಾಡಿ ಕಾಲೇ ಕಿತ್ತಿಟ್ಟಿದೀರಾ? ಇಲ್ಲದ ರೋಗ ಹೇಳಿ ಸಾಮಾನು ಮಾರೋ ಉಪಾಯನಾ?" ಎಂದು ಡಾಕ್ಟರು ರೇಗಿದರು.

ವತ್ಸಲಾ ಅವರು ಮಾತು ಬೆಳೆಸಲಿಲ್ಲ. ಎರಡೂ ಕಂಬಗಳನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಒಣಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಕೈಚೀಲದಲ್ಲಿದ್ದ ಸೀಮೆಸುಣ್ಣವನ್ನು ಪುಡಿಮಾಡಿ ಅವುಗಳ ಮೇಲೆ ಸವರಿದರು. ಎಡಗಡೆಯದು ಬೆಳ್ಳಗೇ ಉಳಿಯಿತು. ಬಲಗಡೆಯದರಲ್ಲಿ, ತಿರುಪಿನ ಬುಡದಲ್ಲಿ, ಬಿರುಕಿನೊಳಗೆ ಅವಿತಿದ್ದ ಸೀಮೆಎಣ್ಣೆ ಮೆಲ್ಲಗೆ ಸುಣ್ಣಕ್ಕೆ ಏರಿ, ಕೂದಲಿನಂಥ ಒಂದು ಕಪ್ಪು ಗೆರೆ ಮೂಡಿತು. ಡಾಕ್ಟರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಮರುದಿನ ಬೆಳಿಗ್ಗೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಅದೇ ಗಾಡಿಯಲ್ಲಿ ದಾವಣಗೆರೆಗೆ ಹೊರಡುವವರಿದ್ದರು.

ಉಳಿದದ್ದು ತಾಯಿಗೆ ತಿಳಿಸುವ ಕೆಲಸ. ಅದಕ್ಕೆ ವತ್ಸಲಾ ಅವರು ವಾರಗಟ್ಟಲೆ ಹಿಂಜರಿದರು. ಜಂಬಣ್ಣನ ಮೇಲಿನ ಸಿಟ್ಟೇ ಆ ಮುದುಕಿಯನ್ನು ಎಬ್ಬಿಸಿ ಕೂರಿಸಿ ನಡೆಸುತ್ತಿರುವ ಕೋಲೆಂದು ಅವರಿಗನ್ನಿಸಿತ್ತು. ಅದನ್ನು ಕಿತ್ತುಕೊಂಡು, ನಿನ್ನ ಮಗ ತನ್ನ ಕೈಯಾರೆ ಮಾಡಿಕೊಂಡ ಎಂದು ಯಾವ ಬಾಯಲ್ಲಿ ಹೇಳುವುದು? ಕಡೆಗೆ ಒಂದು ಮಧ್ಯಾಹ್ನ ತಾಯಿ ಹೂವು ಕಟ್ಟುತ್ತ ಕುಳಿತಿದ್ದಾಗ, ಮುರಿದ ತುಂಡನ್ನು ಮುಂದಿಟ್ಟು, ಮುಚ್ಚುಮರೆಯಿಲ್ಲದೆ ಎಲ್ಲವನ್ನೂ ಹೇಳಿದರು.

ಅನಂತಲಕ್ಷ್ಮಮ್ಮನವರು ಕೈಯ ದಾರವನ್ನು ಕೆಳಗಿಟ್ಟರು. ತುಂಡನ್ನು ಮುಟ್ಟಲಿಲ್ಲ.

"ಚಕ್ರ ಮುರಿದಿದ್ದೇ ಮೊದಲು ಅಂತೀಯಾ?"

"ಹೌದಮ್ಮಾ. ರಸ್ತೆ ಮೇಲೆ ಗುರುತಿತ್ತು. ನಾನೇ ನೋಡಿದೀನಿ."

"ಅವನು ನೆಟ್ಟಗೇ ಓಡಿಸ್ತಿದ್ದ?"

"ನೆಟ್ಟಗೇ ಬಂದಿದ್ದ."

ಮುದುಕಿಯ ಮುಖ ಕುಗ್ಗಿತು. "ಹಾಗಾದ್ರೆ ಅವನು ಕುಡಿದಿರ್ಲಿಲ್ಲ ಕಣೇ," ಎಂದರು.

ಆಗ ವತ್ಸಲಾ ಅವರಿಗೆ ಅರ್ಥವಾಯಿತು. ಬೀದಿಯ ಮಾತನ್ನು ತಾಯಿ ಎರಡು ವರ್ಷದಿಂದ ಒಳಗೊಳಗೇ ನಂಬಿದ್ದರು. ಮಗನ ಮೇಲಿನ ಆ ಸಂಶಯವನ್ನು ಯಾರಿಗೂ ಕಾಣಗೊಡಬಾರದೆಂದೇ ಜಂಬಣ್ಣನ ಹೆಸರನ್ನು ಅಷ್ಟು ಗಟ್ಟಿಯಾಗಿ ಕೂಗುತ್ತಿದ್ದರು. ತಾಯಿಯೂ ಮಗಳೂ ಒಂದೇ ಸೂರಿನ ಕೆಳಗೆ ಬೇರೆಬೇರೆ ಅನುಮಾನಗಳನ್ನು ಸಾಕಿಕೊಂಡು, ಒಬ್ಬರಿಗೊಬ್ಬರು ಬಡಿಸಿಕೊಂಡು ಉಂಡಿದ್ದರು.

"ಆ ಜಂಬಣ್ಣನಿಗೆ ಬಾಯಿಗೆ ಬಂದ ಹಾಗೆ ಅಂದೆ. ಕರ್ಕೊಂಡ್ ಬಾ ಅವನನ್ನ," ಎಂದರು ಅನಂತಲಕ್ಷ್ಮಮ್ಮನವರು. ಕರೆತಂದಾಗ, ಹೊರಗಿನವರಿಗೆ ಜಗುಲಿ ದಾಟಗೊಡದಿದ್ದ ಆ ತಾಯಿ ಜಂಬಣ್ಣ ದಂಪತಿಗಳನ್ನು ನಡುಮನೆಯಲ್ಲಿ ಕೂರಿಸಿ, ತಾವೇ ಕಾಫಿ ತಂದಿತ್ತರು. ಲೋಟ ಬರಿದಾದಾಗ ಮತ್ತೊಮ್ಮೆ ತುಂಬಿಸಿದರು.

ಸ್ಪಿಟ್‌ಫೈರು ೧೯೭೪ರಲ್ಲಿ ಮತ್ತೆ ರಸ್ತೆಗಿಳಿಯಿತು. ಮುಂಚಕ್ರದ ಗೂಡುಗಳಿಗೆ ಗ್ರೀಸ್ ಗನ್ ಹಿಡಿಯುವ ಬಾಯನ್ನೇ ತೆಗೆಸಿ ವತ್ಸಲಾ ಅವರು ಎಣ್ಣೆ ಬಿಡುವ ತಿರುಪನ್ನು ಕೂರಿಸಿದ್ದರು. ನಮ್ಮ ಬಿಸಿಲಿಗೆ ಸಾಲದ ರೇಡಿಯೇಟರಿಗೆ ಇನ್ನೊಂದು ಸಾಲು ಕೊಳವೆ ಬೆಸೆಸಿದ್ದರು. ಗುಜರಿಯಲ್ಲಿ ಸಿಕ್ಕ ವಿಮಾನದ ಹಳೆಯ ಸೊಂಟಪಟ್ಟಿಗಳನ್ನು ಎರಡು ಸೀಟಿಗೂ ಹೊಲಿಸಿದ್ದರು. ಆ ಪಟ್ಟಿ ಬಿಗಿಯದೆ ಕೀಲಿ ತಿರುವುವಂತಿರಲಿಲ್ಲ. ಬೀದಿಯವರು ನಕ್ಕರು. ಡಾಕ್ಟರ್ ಬಸವಲಿಂಗಪ್ಪನವರು ತಮ್ಮ ಗಾಡಿಗೂ ಹೊಲಿಸಿಕೊಂಡರು.

ಆ ಮೇಲಿನ ವರ್ಷಗಳಲ್ಲಿ ತಿಂಗಳಿಗೊಂದು ಭಾನುವಾರ, ಅವರ ಮನೆಯ ಪಕ್ಕದ ಖಾಲಿ ಸೈಟಿನಲ್ಲಿ ಹೆರಾಲ್ಡುಗಳ ಸಾಲೇ ನಿಲ್ಲತೊಡಗಿತು. ಬಸವೇಶ್ವರನಗರ, ಮಹಾಲಕ್ಷ್ಮಿ ಲೇಔಟು, ಕೆಂಗೇರಿಗಳಿಂದ ಜನ ಬಂದರು. ವತ್ಸಲಾ ಅವರು ಸೀಮೆಸುಣ್ಣ ಹಿಡಿದು, ಜಂಬಣ್ಣನವರು ಜಾಕು ಹಿಡಿದು, ಚಕ್ರದ ಬುಡಗಳನ್ನು ಪರೀಕ್ಷಿಸಿ ಎಣ್ಣೆ ಬಿಟ್ಟು ಕಳಿಸುತ್ತಿದ್ದರು. ಯಾರಿಂದಲೂ ಏನನ್ನೂ ತೆಗೆದುಕೊಳ್ಳಲಿಲ್ಲ. ಹಾಗಾಗಿ ಜನ ಮೊದಲು ಅದನ್ನೂ ಶಂಕಿಸಿದರು. ತುರ್ತು ಪರಿಸ್ಥಿತಿಯ ಕಾಲದಲ್ಲಿ ಒಬ್ಬ ಸಬ್ ಇನ್ಸ್‌ಪೆಕ್ಟರು ಬಂದು, ಇಷ್ಟು ಜನ ಯಾಕೆ ಸೇರಿದ್ದೀರಿ, ಇದು ಯಾವ ಸಂಘ ಎಂದು ಗದರಿಸಿದರು.

"ಸಂಘ ಗಿಂಘ ಏನೂ ಇಲ್ಲ ಸಾರ್. ಚಕ್ರಕ್ಕೆ ಎಣ್ಣೆ ಬಿಡ್ತಾ ಇದೀವಿ," ಎಂದರು ವತ್ಸಲಾ.

"ನಂಬೋ ಮಾತಾ ಇದು?"

"ನಂಬಬೇಡಿ. ಕೂತ್ಕೊಂಡು ನೋಡಿ."

ಅವರು ಕೂತು ನೋಡಿದರು. ಮುಂದಿನ ತಿಂಗಳು ಮಫ್ತಿಯಲ್ಲಿ ತಮ್ಮ ಭಾವನ ಹೆರಾಲ್ಡಿನೊಡನೆ ಬಂದು ಸಾಲಿನಲ್ಲಿ ನಿಂತರು. ಆ ಸೈಟಿನಲ್ಲಿ ಸುಣ್ಣದ ಮೇಲೆ ಕಪ್ಪು ಗೆರೆ ಮೂಡಿ ನಿಂತುಹೋದ ಪಯಣಗಳು ಹಲವು. ಆ ಮನೆಗಳವರಲ್ಲಿ ಕೆಲವರು ಈ ಸಂಪುಟದ ವೆಚ್ಚಕ್ಕೆ ಕೈಜೋಡಿಸಿದ್ದಾರೆ. ಹೆಸರು ಹಾಕಬೇಡಿರೆಂದು ಕೇಳಿಕೊಂಡಿದ್ದಾರೆ.

ಒಳ್ಳೆಯವರನ್ನಾಗಿ ಮಾಡಬೇಡಿ ಎಂದವರ ಬಗ್ಗೆ ಇಷ್ಟು ಬರೆದದ್ದನ್ನು ಅವರು ಕ್ಷಮಿಸಬೇಕು. ನಡೆದದ್ದನ್ನು ನಡೆದಂತೆ ಹೇಳಿದ್ದೇವೆ. ನಿರಪರಾಧಿಯೊಬ್ಬರ ಮೇಲೆ ಎರಡು ವರ್ಷ ಕಣ್ಣಿಟ್ಟವರು, ಆ ಕಣ್ಣನ್ನು ಕೊನೆಗೆ ತಮ್ಮ ಮನೆಯಂಗಳದ ಕಡೆಗೂ ತಿರುಗಿಸಿದರು. ಕಂಡದ್ದನ್ನು ಅಡಗಿಸಿಡದೆ ಬೇರೆಯವರ ಮನೆಯ ಮಕ್ಕಳನ್ನು ಉಳಿಸಲು ಬಳಸಿದರು. ನಮ್ಮ ಗೌರವ ಅದಕ್ಕೆ.

ನಿವೃತ್ತಿಯ ನಂತರ ಏನು ಮಾಡುವಿರೆಂದು ಯಾರೂ 'ವತ್ಸಲಾ ಮೇಡಂ' ಅವರನ್ನು ಕೇಳುತ್ತಿಲ್ಲ, ಏಕೆಂದರೆ ಉತ್ತರ ಆಗಲೇ ಅವರು ಮನೆಯ ಪಕ್ಕ ಹಾಕಿಸಿಕೊಂಡ ಷೆಡ್ಡಿಗೆ ಬಂದು ನಿಂತಿದೆ. ಕೋಲಾರದ ಚಿನ್ನದ ಗಣಿಯ ಬಂಗಲೆಯೊಂದರಲ್ಲಿ ಇಪ್ಪತ್ತು ವರ್ಷ ಕೋಳಿಗಳಿಗೆ ಮನೆಯಾಗಿದ್ದ ಎಂ.ಜಿ. ಎಂಬ ಒಂದು ಹಳೆಯ ಇಂಗ್ಲಿಷ್ ಕಾರು: ಮರದ ಚೌಕಟ್ಟನ್ನು ಗೆದ್ದಲು ತಿಂದಿದೆ, ಎಂಜಿನ್ನು ಕಲ್ಲಾಗಿದೆ, ತಂತಿಕಡ್ಡಿಯ ಚಕ್ರಗಳಲ್ಲಿ ಮೂರು ಮಾತ್ರ ಉಳಿದಿವೆ. ಅದನ್ನು ಬಿಚ್ಚಲು ಬೇಕಾದಷ್ಟು ವರ್ಷಗಳನ್ನೂ, ಜೋಡಿಸಲು ಬೇಕಾದಷ್ಟು ವರ್ಷಗಳನ್ನೂ ಆ ಭಗವಂತನು ಪ್ರೊಫೆಸರ್ ವತ್ಸಲಾ ಅವರಿಗೆ ಆರೋಗ್ಯ ಸಮೇತ ಕರುಣಿಸಲಿ. ಎಲ್ಲ ಮುಗಿದ ಮೇಲೆ ಮೈಸೂರಿನವರೆಗೆ ಓಡಿಸಿಕೊಂಡು ಹೋಗಿ ಬರುವುದಕ್ಕೂ ವರ್ಷಗಳು ಬೇಕಲ್ಲ, ಅವನ್ನೂ ಧಾರಾಳವಾಗಿ ಸೇರಿಸಿ ಕೊಡಲಿ.